ಆಸಕ್ತಿ ಪರೀಕ್ಷೆ ಮತ್ತು ಮಕ್ಕಳ ಮುಂದಿನ ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮೊದಲು ಗದಗ-ಬೆಟಗೇರಿಯಲ್ಲಿದ್ದೆ. ಹನ್ನೊಂದು ವರ್ಷದಿಂದ ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಆಸಕ್ತಿ ಪ್ರಶ್ನಾವಳಿ ಮಾಡಿಸುತ್ತಾ, ಆಮೇಲೆ ಅವರ ಜೊತೆ, ಮನೆಯವರ ಜೊತೆ ಕೂತು ಮಾತಾಡುತ್ತಾ ಬಂದಿದ್ದೇನೆ. ಪಾಲಕರ ಸಭೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ವಾಟ್ಸಾಪಿನಲ್ಲಿ, ಹುಬ್ಬಳ್ಳಿ-ಧಾರವಾಡದ ಕಡೆ ಶಿಕ್ಷಕರು ಸೇರಿದಾಗ ಬಂದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

"ಅಕ್ಕೋರ, ಈ ಟೆಸ್ಟ್ ಮಾಡ್ಸಿದ್ರ ನಮ್ಮ ಹುಡುಗ ಮುಂದ ಏನಾಗ್ತಾನ ಅಂತ ಗೊತ್ತಾಗ್ತೈತೇನ್ರಿ?"

ಇಲ್ಲ. ಯಾವ ಪ್ರಶ್ನಾವಳಿಯೂ ಅದನ್ನು ಹೇಳುವುದಿಲ್ಲ. ಹೇಳುತ್ತೇವೆ ಅನ್ನುವವರನ್ನು ನಂಬಬೇಡಿ. ಅದು ಮಾಡುವ ಕೆಲಸ ಇಷ್ಟೇ: ಮಗು ತನ್ನ ಬಗ್ಗೆ ತಾನೇ ಕೊಟ್ಟ ಉತ್ತರಗಳನ್ನು ಗುಂಪು ಮಾಡಿ ತೋರಿಸುತ್ತದೆ. "ಕೈಯಿಂದ ಮಾಡುವ ಕೆಲಸಕ್ಕೆ ಎಂಟು ಸಲ ಹೂಂ ಅಂದಿದ್ದೀಯ, ಲೆಕ್ಕಪತ್ರದ ಕೆಲಸಕ್ಕೆ ಒಂದೇ ಸಲ" ಅಂತ. ಮಾತು ಅಲ್ಲಿಂದ ಶುರುವಾಗಬೇಕು. ಪ್ರಶ್ನಾವಳಿಗೆ ಇಪ್ಪತ್ತು ನಿಮಿಷ ಸಾಕು, ಆಮೇಲಿನ ಮಾತಿಗೆ ಒಂದು ತಾಸು ಬೇಕು. ಆ ತಾಸು ಕೊಡಲು ಯಾರಿಗೂ ಬಿಡುವಿಲ್ಲ ಅಂದರೆ ಟೆಸ್ಟ್ ಮಾಡಿಸುವುದೇ ಬೇಡ ಅಂತ ನನ್ನ ಅಭಿಪ್ರಾಯ.

"ಆಪ್ಟಿಟ್ಯೂಡ್ ಅಂತಾರ, ಇಂಟರೆಸ್ಟ್ ಅಂತಾರ, ಪರ್ಸನಾಲಿಟಿ ಅಂತಾರ. ಎಲ್ಲಾ ಒಂದ ಅಲ್ಲೇನ್ರಿ?"

ಅಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಖಾದಿ ಘಟಕ ಇದೆಯಲ್ಲ, ಅದನ್ನೇ ತಗೊಳ್ಳಿ. ಬಾವುಟದ ಎರಡೂ ಬದಿ ಅಶೋಕ ಚಕ್ರ ಇರಬೇಕು. ಈ ಬದಿಯ 24 ಗೆರೆಗಳು ಆ ಬದಿಯ 24 ಗೆರೆಗಳ ಮೇಲೆ ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ತಟ್ಟನೆ ಕಣ್ಣಿಗೆ ಬೀಳುತ್ತದೆ ಅಂದರೆ ಅದು ಆಪ್ಟಿಟ್ಯೂಡ್. ದಿನವಿಡೀ ಅಂಥ ಕೆಲಸ ಮಾಡಿದರೂ ಬೇಸರ ಬರುವುದಿಲ್ಲ ಅಂದರೆ ಆಸಕ್ತಿ. ಹತ್ತು ಜನರ ನಡುವೆ ಕೂತು ಮಾಡಬೇಕೋ, ಒಬ್ಬರೇ ಕೂತು ಮಾಡಬೇಕೋ ಅನ್ನುವುದು ಸ್ವಭಾವ. ಇನ್ನೊಂದು ಇದೆ, ಜನ ಮರೆಯುವಂಥದ್ದು: ಬದುಕಿನಲ್ಲಿ ನಮಗೆ ಯಾವುದು ಮುಖ್ಯ ಅನ್ನೋದು. ಊರಲ್ಲೇ ಇರಬೇಕಾ? ಸಂಬಳ ಜಾಸ್ತಿ ಬೇಕಾ? ತಿಂಗಳು ತಿಂಗಳು ಖಾತ್ರಿ ಬೇಕಾ?

ಆಪ್ಟಿಟ್ಯೂಡ್ ಟೆಸ್ಟಿನಲ್ಲಿ ಸರಿ, ತಪ್ಪು ಉತ್ತರ ಇರುತ್ತವೆ, ಗಡಿಯಾರವೂ ಇರುತ್ತದೆ. ಉಳಿದ ಮೂರರಲ್ಲಿ ತಪ್ಪು ಉತ್ತರವೇ ಇಲ್ಲ, ಮಗು ತನ್ನನ್ನು ತಾನು ನೋಡಿಕೊಂಡು ಹೇಳಬೇಕು. ನಾಲ್ಕರಲ್ಲಿ ಒಂದನ್ನೇ ಹಿಡಿದು ದಾರಿ ಆರಿಸಬೇಡಿ.

"ಯಾವಾಗ ಮಾಡಿಸ್ಬೇಕು? ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮ್ಯಾಲ ನಡೀತೈತೇನು?"

ರಿಸಲ್ಟ್ ಬಂದ ವಾರ ಮನೆಯಲ್ಲಿ ಯಾರಿಗೂ ಕಿವಿ ಇರುವುದಿಲ್ಲ. ಅಂಕ, ಫೀಸು, ಹಾಸ್ಟೆಲ್ಲು, ಅರ್ಜಿ, ಇಷ್ಟೇ ತಲೆಯಲ್ಲಿ. ಒಂಬತ್ತನೇ ತರಗತಿಯ ದಸರಾ ರಜೆ ಮುಗಿದ ಮೇಲೆ ಒಂದು ಸಲ, ಹತ್ತನೇ ತರಗತಿಯ ಪರೀಕ್ಷೆ ಮುಗಿದು ರಿಸಲ್ಟ್ ಬರುವ ಮೊದಲು ಇನ್ನೊಂದು ಸಲ ಮಾಡಿಸಿ. ನಡುವೆ ಒಂದು ವರ್ಷಕ್ಕಿಂತ ಜಾಸ್ತಿ ಸಿಗುತ್ತದೆ, ಮಗು ನಾಲ್ಕು ಕಡೆ ಹೋಗಿ ನಾಲ್ಕು ಕೆಲಸ ನೋಡಬಹುದು.

"ದುಡ್ಡಿಲ್ಲದ ಮಾಡಿಸುವಂಥಾದ್ದು ಯಾವುದಾದ್ರೂ ಐತೇನ್ರಿ?"

ಇದೆ. ಸಿಬಿಎಸ್‌ಇ ಮತ್ತು ಎನ್‌ಸಿಇಆರ್‌ಟಿ ಸೇರಿ 2019ರಲ್ಲಿ ತಮನ್ನಾ ಅನ್ನುವ ಆಪ್ಟಿಟ್ಯೂಡ್ ಪರೀಕ್ಷೆ ತಂದವು. ಒಂಬತ್ತು, ಹತ್ತನೇ ತರಗತಿಯವರಿಗೆ ಮಾಡಿದ್ದು. ಭಾಷೆ, ಅಂಕಿ, ಯಂತ್ರ, ಆಕಾರ, ಹೀಗೆ ಏಳು ಬಗೆಯ ಸಾಮರ್ಥ್ಯ ನೋಡುತ್ತದೆ. ಪಾಸು-ಫೇಲು ಇಲ್ಲ, ಕಡ್ಡಾಯವೂ ಅಲ್ಲ.

ಆಸಕ್ತಿಗೆ ನಾನು ಬಳಸುವುದು ಅಮೆರಿಕದ ಕಾರ್ಮಿಕ ಇಲಾಖೆಯ ಓ-ನೆಟ್ ಪ್ರಶ್ನಾವಳಿ. 60 ಕೆಲಸಗಳ ಹೆಸರು ಕೊಟ್ಟು, ಒಂದೊಂದೂ ಎಷ್ಟು ಇಷ್ಟ ಅಂತ ಕೇಳುತ್ತದೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಇಂಗ್ಲಿಷಿನಲ್ಲಿದೆ, ಅದೂ ಅಲ್ಲಿಯ ಜನರಿಗಾಗಿ ಬರೆದದ್ದು. ಹಾಗಾಗಿ ಮಗುವಿನ ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಬೇಕು. ಯಾಕೆ ಅನ್ನೋದನ್ನು ಮುಂದೆ ಬ್ಯಾಡಗಿ ಹುಡುಗನ ಪ್ರಶ್ನೆಯಲ್ಲಿ ಹೇಳಿದ್ದೇನೆ.

"ಬೆರಳಚ್ಚು ತಗೊಂಡು ಮಿದುಳು ನೋಡಿ ಯಾವ ಲೈನ್ ಅಂತ ಹೇಳ್ತಾರಂತ. ಮಾಡಿಸೋಣಾ?"

ಬೇಡ. ಡಿಎಂಐಟಿ ಅನ್ನುವ ಹೆಸರಲ್ಲಿ ಇದನ್ನು ಮಾರುತ್ತಾರೆ. ಬೆರಳಿನ ಗೆರೆಗಳು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮೂಡಿರುತ್ತವೆ. ಆ ಗೆರೆಗೂ ಮಗು ಯಾವ ಓದಿಗೆ ಹೊಂದುತ್ತದೆ ಅನ್ನುವುದಕ್ಕೂ ಸಂಬಂಧ ಇದೆ ಅಂತ ವಿಜ್ಞಾನದಲ್ಲಿ ಆಧಾರ ಇಲ್ಲ. ಕೂಲಿ ಮಾಡಿ ಕೂಡಿಟ್ಟ ಸಾವಿರಾರು ರೂಪಾಯಿಯನ್ನು ಇದಕ್ಕೆ ಕಟ್ಟಿದ ತಾಯಂದಿರನ್ನು ನೋಡಿದ್ದೇನೆ. ಬಣ್ಣಬಣ್ಣದ ಪುಸ್ತಕ ತಂದು ತೋರಿಸುತ್ತಾರೆ. ಹೊಟ್ಟೆ ಉರಿಯುತ್ತದೆ. ಅದೇ ದುಡ್ಡಿನಲ್ಲಿ ಮಗುವನ್ನು ಕರೆದುಕೊಂಡು ಧಾರವಾಡದ ಕೃಷಿ ಮೇಳಕ್ಕೆ ಹೋಗಿ ಬನ್ನಿ.

## ಫಲಿತಾಂಶ ಕೈಗೆ ಬಂದ ಮೇಲೆ

"ಆರು ಗುಂಪು ಅಂತ ಬಂದೈತಿ. ಹಂಗಂದ್ರೇನು?"

ಜಾನ್ ಹಾಲೆಂಡ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1959ರಲ್ಲಿ ಮುಂದಿಟ್ಟ ವಿಚಾರ ಇದು. ಕೆಲಸಗಳನ್ನೂ ಜನರನ್ನೂ ಆರು ಬಗೆಯಾಗಿ ನೋಡಬಹುದು ಅಂದರು. ಕೈ, ಉಪಕರಣ, ಮಣ್ಣಿನ ಜೊತೆ ಕೆಲಸ ಮಾಡುವವರು. ಯಾಕೆ, ಹೇಗೆ ಅಂತ ಕೆದಕುವವರು. ಹೊಸದನ್ನು ಕಟ್ಟುವವರು, ಹಾಡುವವರು, ಬರೆಯುವವರು. ಜನರಿಗೆ ಕಲಿಸುವವರು, ಆರೈಕೆ ಮಾಡುವವರು. ಮಾತಿನಲ್ಲಿ ಒಪ್ಪಿಸಿ ವ್ಯವಹಾರ ಮಾಡುವವರು. ಲೆಕ್ಕ, ದಾಖಲೆಗಳನ್ನು ಅಚ್ಚುಕಟ್ಟಾಗಿ ಇಡುವವರು. ಆರನ್ನೂ ಷಟ್ಕೋನದ ಮೂಲೆಗಳಲ್ಲಿ ಇದೇ ಕ್ರಮದಲ್ಲಿ ಇಡುತ್ತಾರೆ. ಅಕ್ಕಪಕ್ಕದವು ಒಂದಕ್ಕೊಂದು ಹತ್ತಿರ, ಎದುರುಬದುರಿನವು ದೂರ.

ಯಾರೂ ಒಂದೇ ಗುಂಪಿನವರಲ್ಲ. ಮೊದಲ ಮೂರು ನೋಡಿ. ಉದಾಹರಣೆಗೆ ಕೈಕೆಲಸ, ಕೆದಕುವುದು, ಜನರ ಆರೈಕೆ ಮೂರೂ ಮೇಲೆ ಬಂದ ಹುಡುಗಿಗೆ ಫಿಸಿಯೋಥೆರಪಿ ಅನ್ನುವ ಓದು ಒಂದಿದೆ ಅಂತ ತೋರಿಸಬಹುದು. "ತೋರಿಸಬಹುದು" ಅಂದೆ, "ಸೇರಿಸಿ" ಅನ್ನಲಿಲ್ಲ.

"ಅಕ್ಕೋರ, ನನಗ ಯಾವುದರಾಗೂ ಆಸಕ್ತಿ ಇಲ್ಲ ಅಂತ ಬಂತ್ರಿ. ನಾ ದಡ್ಡ ಏನ್ರಿ?"

ಈ ಪ್ರಶ್ನೆ ಕೇಳಿದವನು ಬ್ಯಾಡಗಿ ಕಡೆಯ ಹುಡುಗ. ಅವನ ಹಾಳೆ ಇನ್ನೂ ನನ್ನ ಕಣ್ಣ ಮುಂದಿದೆ. "ಷೇರು, ಬಾಂಡ್ ಕೊಳ್ಳುವುದು, ಮಾರುವುದು": ಇಷ್ಟ ಇಲ್ಲ. "ಹೊಸ ಔಷಧ ಕಂಡುಹಿಡಿಯುವುದು": ಇಷ್ಟ ಇಲ್ಲ. "ಅಡುಗೆಮನೆಯ ಕಪಾಟು ಮಾಡುವುದು": ಇಷ್ಟ ಇಲ್ಲ. ಹೀಗೇ ಕೆಳಗಿನವರೆಗೆ.

ಹಾಳೆ ಪಕ್ಕಕ್ಕಿಟ್ಟು, "ಸಾಲಿ ಇಲ್ಲದಾಗ ಏನು ಮಾಡ್ತೀಯ?" ಅಂತ ಕೇಳಿದೆ. ಸುಗ್ಗಿಯಲ್ಲಿ ಅಪ್ಪನ ಜೊತೆ ಮೆಣಸಿನಕಾಯಿ ಮಾರ್ಕೆಟ್ಟಿಗೆ ಹೋಗುತ್ತೇನೆ ಅಂದ. ಅಲ್ಲಿ ಏನು ಮಾಡ್ತೀಯ ಅಂದೆ. ಹುಡುಗ ನೆಟ್ಟಗೆ ಕೂತ. ಡಬ್ಬಿ ಅಂದರೆ ಗಿಡ್ಡ, ದಪ್ಪ, ಒಳಗೆ ಬೀಜ ಜಾಸ್ತಿ. ಕಡ್ಡಿ ಅಂದರೆ ಉದ್ದ, ಸಪೂರ. ಒಂದು ಕಾಯಿ ಮುರಿದು ನೋಡಿ ಒಣಗಿದೆಯೋ ಇಲ್ಲವೋ ಹೇಳುತ್ತಾನೆ. ಬಣ್ಣ ನೋಡಿ ದರ ಅಂದಾಜು ಮಾಡುತ್ತಾನೆ. ಅಪ್ಪನ ಅಂದಾಜಿಗೂ ತನ್ನ ಅಂದಾಜಿಗೂ ಎಷ್ಟು ಫರಕು ಬಂತು ಅಂತ ಒಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದ. ಯಾರೂ ಹೇಳಿಕೊಟ್ಟದ್ದಲ್ಲ.

ಇವನಿಗೆ ವ್ಯವಹಾರದಲ್ಲಿ ಆಸಕ್ತಿ ಇಲ್ಲವಾ? ಷೇರು ಅಂದರೇನು ಅಂತ ಗೊತ್ತಿರಲಿಲ್ಲ, ಅಷ್ಟೇ. ನಮ್ಮ ಮಕ್ಕಳು ಗೊತ್ತಿಲ್ಲದ್ದಕ್ಕೆಲ್ಲ "ಇಷ್ಟ ಇಲ್ಲ" ಅಂತ ಗುರುತು ಹಾಕುತ್ತಾರೆ. ಪ್ರಯೋಗಾಲಯದ ಒಳಗೆ ಕಾಲಿಡದ ಮಗು ಸಂಶೋಧನೆಯನ್ನು ಹೇಗೆ ಇಷ್ಟಪಡಬೇಕು? ಹಳ್ಳಿ ಮಕ್ಕಳ ಹಾಳೆಯಲ್ಲಿ ಕಡಿಮೆ ಅಂಕ ಕಂಡಾಗ, ಅದು ಆಸಕ್ತಿಯ ಕೊರತೆಯೋ ನೋಡದೇ ಇರುವುದರ ಕೊರತೆಯೋ ಅಂತ ಮೊದಲು ಕೇಳಬೇಕು. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಇದೇ ದೊಡ್ಡದು.

ಅಂದಿನಿಂದ ನಾನು ಎರಡು ಬದಲಾವಣೆ ಮಾಡಿಕೊಂಡೆ. ಉತ್ತರದ ಕಾಲಂಗಳ ಪಕ್ಕ "ಇದನ್ನು ನಾನು ನೋಡಿಲ್ಲ" ಅನ್ನುವ ಇನ್ನೊಂದು ಕಾಲಂ ಹಾಕಿದೆ. ಅಲ್ಲಿ ಗುರುತು ಬಿದ್ದದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ನೋಡಬೇಕಾದ ಕೆಲಸಗಳ ಪಟ್ಟಿ. ಎರಡನೆಯದು, ಒಂದೊಂದು ಪ್ರಶ್ನೆಯ ಜೊತೆ ನಮ್ಮ ಸುತ್ತಲಿನ ಕೆಲಸವೊಂದನ್ನು ಹೇಳುತ್ತೇನೆ. ಷೇರು ಬದಲು ಮೆಣಸಿನಕಾಯಿ ದರ. ಕಪಾಟಿನ ಬದಲು ಬಾಗಿಲ ಚೌಕಟ್ಟು. ಹಾಗೆ ಬದಲಿಸಿದ ಮೇಲೆ ಅದು ಮೂಲದ ಪರೀಕ್ಷೆಯಾಗಿ ಉಳಿಯುವುದಿಲ್ಲ, ಅದರ ಅಂಕಗಳನ್ನು ಬೇರೆಯವರ ಜೊತೆ ಹೋಲಿಸಲೂ ಬರುವುದಿಲ್ಲ. ನನಗೆ ಬೇಕಾದದ್ದು ಹೋಲಿಕೆ ಅಲ್ಲ, ಮಾತು.

ನೋಡಲು ದೂರ ಹೋಗಬೇಕಿಲ್ಲ. ರಾಣೆಬೆನ್ನೂರಿನ ಬೀಜೋತ್ಪಾದನೆ, ಬೆಟಗೇರಿಯ ಮಗ್ಗಗಳು, ಗದಗಿನ ಮುದ್ರಣಾಲಯಗಳು, ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳು, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪು, ಎಲ್ಲ ನಮ್ಮ ಬಸ್ಸಿನ ದಾರಿಯಲ್ಲೇ ಇವೆ. ಒಳಗೆ ಬಿಡಲು ಅನುಮತಿ ಬೇಕಾದಲ್ಲಿ ಮುಖ್ಯ ಶಿಕ್ಷಕರಿಂದ ಪತ್ರ ಬರೆಸಿ.

"ಎಲ್ಲಾ ನನ್ನ ಬಗ್ಗೇನ ಬರದಂಗೈತಿ. ಅಂದ್ರ ಟೆಸ್ಟ್ ಖರೇನ ಇರಬೇಕಲ್ರಿ?"

ಎಚ್ಚರ. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನುವ ಅಧ್ಯಾಪಕರು ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಿ, ಒಬ್ಬೊಬ್ಬರಿಗೂ ಸ್ವಭಾವದ ವರದಿ ಕೊಟ್ಟರು. ಎಷ್ಟು ಸರಿಯಾಗಿದೆ ಅಂತ ಕೇಳಿದರೆ ಸರಾಸರಿ 5ಕ್ಕೆ 4.26 ಅಂಕ ಬಂತು. ಆಮೇಲೆ ನೋಡಿದರೆ ಎಲ್ಲರಿಗೂ ಕೊಟ್ಟದ್ದು ಒಂದೇ ವರದಿ! "ನಿನ್ನಲ್ಲಿ ಇನ್ನೂ ಬಳಸದ ಶಕ್ತಿ ಇದೆ" ಅಂದರೆ ಯಾರು ಇಲ್ಲ ಅನ್ನುತ್ತಾರೆ?

ವರದಿಯನ್ನು ಹೀಗೆ ಪರೀಕ್ಷಿಸಿ: ಗೆಳತಿಯ ವರದಿಯನ್ನು ನಿನ್ನದು ಅಂತ ಓದಿಕೊ. ಅದೂ ಹೊಂದುತ್ತದೆ ಅನಿಸಿದರೆ ಎರಡರಲ್ಲೂ ಹುರುಳಿಲ್ಲ. ನಾಲ್ಕು ಅಕ್ಷರದಲ್ಲಿ ಮನುಷ್ಯನನ್ನು ಹದಿನಾರು ಬಗೆ ಮಾಡುವ ಮೈಯರ್ಸ್-ಬ್ರಿಗ್ಸ್ ಪರೀಕ್ಷೆ ಬಲು ಜನಪ್ರಿಯ. ಕೆಲವೇ ವಾರ ಬಿಟ್ಟು ಮತ್ತೆ ಮಾಡಿದಾಗ ಬಹಳ ಜನಕ್ಕೆ ಬೇರೆ ಅಕ್ಷರ ಬರುತ್ತದೆ. ಗೆಳೆಯರ ಜೊತೆ ಮಾತಿಗೆ ಚೆನ್ನ, ಕಾಲೇಜು ಆರಿಸಲು ಅಲ್ಲ.

"60 ಪರ್ಸೆಂಟೈಲ್ ಬಂದೈತಿ. ಫಸ್ಟ್ ಕ್ಲಾಸ್ ಅಲ್ಲೇನ್ರಿ?"

ಪರ್ಸೆಂಟೈಲ್ ಅಂಕ ಅಲ್ಲ, ಸಾಲಿನಲ್ಲಿ ಮಗು ನಿಂತ ಜಾಗ. 100 ಮಕ್ಕಳಲ್ಲಿ ಸುಮಾರು 60 ಮಕ್ಕಳು ಇವಳಿಗಿಂತ ಹಿಂದೆ ಇದ್ದಾರೆ ಅಂತ ಅರ್ಥ. ಆ 100 ಮಕ್ಕಳು ಯಾರು ಅಂತಲೂ ಕೇಳಿ. ಪಟ್ಟಣದ ಇಂಗ್ಲಿಷ್ ಮಾಧ್ಯಮದ ಮಕ್ಕಳ ಸಾಲಿನಲ್ಲಿ ನಿಲ್ಲಿಸಿದರೆ ಕನ್ನಡ ಮಾಧ್ಯಮದ ಮಗುವಿನ ಭಾಷೆಯ ಅಂಕ ಕೆಳಗೆ ಬರುವುದು ಸಹಜ. ಅದು ಬುದ್ಧಿಯ ಅಳತೆ ಅಲ್ಲ.

"ಹುಡುಗಿಗೆ ಯಂತ್ರದ ಕೆಲಸ ಆಗಂಗಿಲ್ಲ ಅಂತ ಬಂದೈತಿ. ಡಿಪ್ಲೊಮಾ ಬಿಡಸೂಣೇನ್ರಿ?"

ದಯವಿಟ್ಟು ಬಿಡಿಸಬೇಡಿ. ಆಸಕ್ತಿಯ ಹಾಳೆ "ಆಗಲ್ಲ" ಅಂತ ಯಾವತ್ತೂ ಹೇಳುವುದಿಲ್ಲ. ಅವಳು ಇಷ್ಟ ಅಂತ ಬರೆದಿಲ್ಲ, ಅಷ್ಟೇ. ಯಾಕೆ ಬರೆದಿಲ್ಲ? ಮೋಟರ್ ಕೆಟ್ಟಾಗ ಬ್ಯಾಟರಿ ಹಿಡಿಯಲು ಮನೆಯಲ್ಲಿ ಯಾರನ್ನು ಕರೆಯುತ್ತೀರಿ? ತಮ್ಮನನ್ನು ಅಲ್ವಾ? ಅವಳನ್ನು ರೊಟ್ಟಿ ಬಡಿಯಲು ಕರೆಯುತ್ತೀರಿ.

ಶುರುವಿನ ವರ್ಷ ನಾನೇ ಈ ತಪ್ಪು ಮಾಡಿದೆ. ಬೆಟಗೇರಿಯಲ್ಲಿ ನೇಕಾರರ ಮನೆಯ ಹುಡುಗಿಯೊಬ್ಬಳ ಹಾಳೆ ನೋಡಿ, ಕೈಕೆಲಸ, ಯಂತ್ರ ನಿನಗೆ ಹೊಂದುವುದಿಲ್ಲ ಅಂದುಬಿಟ್ಟೆ. ಕೆಲವು ದಿನದ ಮೇಲೆ ಅವರ ಮನೆಗೆ ಹೋದಾಗ ಮಗ್ಗ ನಿಂತಿತ್ತು. ಹಾಸಿನಲ್ಲಿ ಎಳೆಯೊಂದು ತುಂಡಾಗಿತ್ತು. ಸಾವಿರಾರು ಎಳೆಗಳ ನಡುವೆ ಅವಳು ಬೆರಳಾಡಿಸಿ, ಅದನ್ನೇ ಹಿಡಿದು, ಗಂಟು ಹಾಕಿ, ಎದ್ದು ಬಂದು ನನಗೆ ಚಹಾ ಕೊಟ್ಟಳು. ಅದೂ ಯಂತ್ರದ ಕೆಲಸ ಅಂತ ಅವಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅವತ್ತೇ ಕ್ಷಮೆ ಕೇಳಿದೆ. ಈಗ ಹುಡುಗಿಯರಿಗೆ ಹಾಳೆ ಕೊಡುವ ಮೊದಲು ಹಳೆಯ ಟೇಬಲ್ ಫ್ಯಾನು, ಒಂದು ಸ್ಕ್ರೂಡ್ರೈವರ್ ಕೊಟ್ಟು ಬಿಚ್ಚಿ ಜೋಡಿಸಲು ಹೇಳುತ್ತೇನೆ.

"ಕಲೆ ಅಂತ ಬಂತು. ಹೊಟ್ಟಿ ತುಂಬತೈತೇನ್ರಿ?"

ಧಾರವಾಡ, ಗದಗ ಸೀಮೆಯಲ್ಲಿ ಈ ಮಾತು ಬಂದಾಗ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲರ ಹೆಸರು ಹೇಳಿ ಸಮಾಧಾನ ಮಾಡುವವರಿದ್ದಾರೆ. ಅದರಿಂದ ಪಾಲಕರಿಗೆ ಸಮಾಧಾನ ಆಗುವುದಿಲ್ಲ, ಆಗಲೂಬಾರದು. ದೊಡ್ಡ ಹೆಸರಿಗೂ ಉಪವಾಸಕ್ಕೂ ನಡುವೆ ನೂರು ಕೆಲಸ ಇವೆ: ಸಂಗೀತ ಶಿಕ್ಷಕರು, ಚಿತ್ರಕಲಾ ಶಿಕ್ಷಕರು, ಪುಸ್ತಕದ ಪುಟ ಕಟ್ಟುವವರು, ಸೀರೆಯ ವಿನ್ಯಾಸ ಮಾಡುವವರು, ಧ್ವನಿಮುದ್ರಣದವರು, ವಿಡಿಯೋ ಎಡಿಟರ್‌ಗಳು. ಅಂಥವರಲ್ಲಿ ಇಬ್ಬರನ್ನು ಭೇಟಿಯಾಗಿ, ತಿಂಗಳಿಗೆ ಎಷ್ಟು ಬರುತ್ತದೆ ಅಂತ ಸಂಕೋಚ ಇಲ್ಲದೆ ಕೇಳಿ. ಆಮೇಲೆ ನಿರ್ಧಾರ ಮಾಡಿ.

## ಇನ್ನೂ ಆಳದ ಪ್ರಶ್ನೆಗಳು

"ನಾವು ಸೈನ್ಸ್ ಅಂತೀವಿ, ಟೆಸ್ಟ್ ಕಾಮರ್ಸ್ ಅಂತೈತಿ. ಯಾರ ಮಾತು ಕೇಳ್ಬೇಕು?"

ಟೆಸ್ಟ್ ಕಾಮರ್ಸ್ ಅಂದಿರುವುದಿಲ್ಲ. "ಲೆಕ್ಕ, ದಾಖಲೆಯ ಅಚ್ಚುಕಟ್ಟು ಇಷ್ಟ" ಅಂದಿರುತ್ತದೆ, ಯಾರೋ ಅದನ್ನು ಕಾಮರ್ಸ್ ಅಂತ ಅನುವಾದ ಮಾಡಿರುತ್ತಾರೆ. ಆ ಗುಣ ಬ್ಯಾಂಕಿಗೂ ಬೇಕು, ರಕ್ತಪರೀಕ್ಷೆಯ ಲ್ಯಾಬಿಗೂ ಬೇಕು, ಸಾಫ್ಟ್‌ವೇರ್ ಪರೀಕ್ಷಿಸುವವರಿಗೂ ಬೇಕು. ಆಸಕ್ತಿಯ ಗುಂಪನ್ನು ನೇರವಾಗಿ ಪಿಯುಸಿ ವಿಭಾಗಕ್ಕೆ ಗಂಟು ಹಾಕುವುದೇ ನಾನು ಅತಿ ಹೆಚ್ಚು ಕಾಣುವ ತಪ್ಪು.

ಪಾಲಕರ ಹೆದರಿಕೆಯನ್ನೂ ನಾನು ಹಗುರ ಮಾಡುವುದಿಲ್ಲ. ಮಳೆ ಕೈಕೊಟ್ಟ ವರ್ಷ ಸಾಲ ತೀರಿಸಿದವರಿಗೆ ಖಾತ್ರಿ ಸಂಬಳದ ಬೆಲೆ ಗೊತ್ತು. ಅದನ್ನು ಮಗುವಿನ ಮುಂದೆ ಹಾಗೇ ಹೇಳಿ. "ನಿನಗೆ ಏನೂ ತಿಳಿಯಂಗಿಲ್ಲ" ಅನ್ನಬೇಡಿ. "ಎರಡು ಲಕ್ಷಕ್ಕಿಂತ ಜಾಸ್ತಿ ನಮ್ಮಿಂದ ಆಗಲ್ಲ, ಅಷ್ಟರೊಳಗೆ ಏನೇನಿದೆ ನೋಡೋಣ" ಅನ್ನಿ. ಮಕ್ಕಳು ಲೆಕ್ಕ ಅರ್ಥ ಮಾಡಿಕೊಳ್ಳುತ್ತಾರೆ.

"ಒಮ್ಮೆ ತಪ್ಪು ಆರಿಸಿದ್ರ ಮುಗೀತೇನು?"

ಇಲ್ಲ. ಆದರೆ ಕೆಲವು ಬಾಗಿಲು ತೆರೆಯುವುದು ಕಷ್ಟ, ಅವು ಯಾವುವು ಅಂತ ಮೊದಲೇ ತಿಳಿದಿರಿ. ಪಿಯುಸಿಯಲ್ಲಿ ಆರ್ಟ್ಸ್ ಅಥವಾ ಕಾಮರ್ಸ್ ಓದಿದವರು ಎಂಜಿನಿಯರಿಂಗ್, ವೈದ್ಯಕೀಯಕ್ಕೆ ನೇರವಾಗಿ ಹೋಗಲು ಬರುವುದಿಲ್ಲ. ಬಯಾಲಜಿ ಬಿಟ್ಟವರು ಅದನ್ನು ಆಮೇಲೆ ಹೆಚ್ಚುವರಿ ವಿಷಯವಾಗಿ ಓದಿ ಪಾಸಾಗದಿದ್ದರೆ ನೀಟ್ ದಾರಿ ಇಲ್ಲ. ಇನ್ನೊಂದು ಕಡೆ, ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು. ಎರಡು ವರ್ಷದ ಐಟಿಐ ಮಾಡಿದವರಿಗೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ದಾರಿ ಇದೆ.

ನಮ್ಮ ಕಡೆಯವರು ಕೈಬಿಡಬಾರದ ಒಂದು ಮಾತು: ಸಿಇಟಿ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ 15%, ಕನ್ನಡ ಮಾಧ್ಯಮದವರಿಗೆ 5% ಮೀಸಲಾತಿ ಇದೆ. ಒಂದರಿಂದ ಹತ್ತನೇ ತರಗತಿವರೆಗಿನ ಓದಿನ ಪ್ರಮಾಣಪತ್ರ ಬೇಕಾಗುತ್ತದೆ. ಶಾಲೆ ಬಿಡುವಾಗಲೇ ತೆಗೆದಿಟ್ಟುಕೊಳ್ಳಿ. ಕೃಷಿ ಪದವಿಗೆ ರೈತರ ಮಕ್ಕಳಿಗೆ ಬೇರೆ ಮೀಸಲಾತಿಯೂ ಇದೆ.

"ಒಂಬತ್ತರಾಗ ಒಂದು ಬಂತು, ಹತ್ತರಾಗ ಇನ್ನೊಂದು ಬಂತು. ಯಾವುದು ಖರೆ?"

ಎರಡೂ ಖರೆ. ಹದಿನೈದರ ವಯಸ್ಸಿನಲ್ಲಿ ಆಸಕ್ತಿ ಇನ್ನೂ ಕದಲುತ್ತಿರುತ್ತದೆ, ಇಪ್ಪತ್ತರ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಎರಡೂ ಹಾಳೆ ಪಕ್ಕಪಕ್ಕ ಇಟ್ಟು, ಬದಲಾಗದೆ ಉಳಿದದ್ದು ಯಾವುದು ನೋಡಿ. ಬದಲಾದದ್ದಕ್ಕೆ ಕಾರಣ ಕೇಳಿ. ಹೊಸ ಮೇಡಂ ಬಂದರಾ? ಮನೆಯಲ್ಲಿ ಯಾರಿಗಾದರೂ ಕಾಯಿಲೆ ಆಯ್ತಾ? ಅಜ್ಜಿಯ ಆಸ್ಪತ್ರೆವಾಸ ಮುಗಿದ ಮೇಲೆ ನರ್ಸಿಂಗ್ ಮೇಲೆ ಬಂದ ಹಾಳೆಗಳನ್ನು ಎಷ್ಟೋ ನೋಡಿದ್ದೇನೆ. ಕೆಲವರಲ್ಲಿ ಅದು ಕರಗುತ್ತದೆ, ಕೆಲವರಲ್ಲಿ ಉಳಿಯುತ್ತದೆ.

"ಮಕ್ಕಳು ನಮಗ ಖುಷಿ ಆಗ್ಲಿ ಅಂತ ಬರೀತಾರಲ್ರಿ ಮೇಡಂ. ಹೆಂಗ ನಂಬೂದು?"

ಶಿಕ್ಷಕರ ಪ್ರಶ್ನೆ ಇದು, ನ್ಯಾಯದ ಪ್ರಶ್ನೆ. "ಜನಸೇವೆ ಇಷ್ಟವಾ?" ಅಂದರೆ ಎಲ್ಲರೂ ಹೌದು ಅನ್ನುತ್ತಾರೆ. ಅದಕ್ಕೇ ಹಾಳೆಯ ಹಿಂದೆ ಒಂದು ಪ್ರಶ್ನೆ ಬರೆಸುತ್ತೇನೆ: ಕಳೆದ ತಿಂಗಳು ಯಾರೂ ಹೇಳದೆ ನೀನಾಗಿ ಮಾಡಿದ ಮೂರು ಕೆಲಸ ಯಾವುವು? ಮುಂದಿನ ಬದಿ ಡಾಕ್ಟರ್ ಅಂತ ಇರುತ್ತದೆ. ಹಿಂದಿನ ಬದಿ "ಓಣಿಯ ಹುಡುಗರಿಗೆ ಕಬಡ್ಡಿ ಟೂರ್ನಮೆಂಟ್ ಇಟ್ಟೆ, ಚಂದಾ ಎತ್ತಿದೆ, ಲೆಕ್ಕ ಕೊಟ್ಟೆ" ಅಂತ ಇರುತ್ತದೆ. ನಾನು ಹಿಂದಿನ ಬದಿಯಿಂದ ಮಾತು ಶುರು ಮಾಡುತ್ತೇನೆ.

"ಎಲ್ಲಾ ಗುಂಪಿಗೂ ಹೆಚ್ಚುಕಡಿಮಿ ಒಂದ ಅಂಕ. ಏನಂತ ಹೇಳೂದು?"

ಎಲ್ಲ ಎತ್ತರಕ್ಕಿದ್ದರೆ ಮಗುವಿಗೆ ಹಲವು ಕಡೆ ಮನಸ್ಸಿದೆ, ಇಲ್ಲವೇ ಓದದೆ ಗುರುತು ಹಾಕಿದೆ. ಎಲ್ಲ ಕೆಳಗಿದ್ದರೆ ನೋಡಿಲ್ಲ, ಇಲ್ಲವೇ ಮನಸ್ಸು ಕುಗ್ಗಿದೆ. ಒಟ್ಟಿನಲ್ಲಿ ಅಂಥ ಹಾಳೆ ನೋಡಿ ದಾರಿ ಹೇಳಬೇಡಿ. ಪಿಯುಸಿಯಲ್ಲಿ ಹೆಚ್ಚು ಬಾಗಿಲು ತೆರೆದಿಡುವ ವಿಷಯ ಆರಿಸಿ, ಆರು ತಿಂಗಳು ಬಿಟ್ಟು ಮತ್ತೆ ಕೂರಿ.

"ಟೆಸ್ಟ್ ಮಾಡಿಸಿದ ಮ್ಯಾಲ ಹುಡುಗಿ ಊಟಾ ಬಿಟ್ಟಾಳ, ಮಾತಾಡೂದಿಲ್ಲ."

ಇದು ಕರಿಯರ್ ಪ್ರಶ್ನೆ ಅಲ್ಲ, ಹಾಳೆ ಮಡಚಿಡಿ. ಮೊದಲು ಮಗುವಿನ ಹತ್ತಿರ ಕೂರಿ. ಟೆಲಿ-ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆ ಕರೆ ಮಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಹೋಗಲು ನಾಚಿಕೆ ಬೇಡ.

"ನಮ್ಮಲ್ಲಿ ಐವತ್ತು ಮಕ್ಕಳು, ಒಂದ ಕಂಪ್ಯೂಟರ್, ಒಂದ ಪೀರಿಯಡ್. ಹೆಂಗ ಮಾಡೂದ್ರಿ?"

ಕಂಪ್ಯೂಟರ್ ಬೇಡ. ಪ್ರಶ್ನೆಗಳನ್ನು ಕನ್ನಡದಲ್ಲಿ ನೀವು ಗಟ್ಟಿಯಾಗಿ ಓದಿ, ಮಕ್ಕಳು ಹಾಳೆಯಲ್ಲಿ ಗುರುತು ಹಾಕಲಿ. ಒಂದು ದಿನ ಅಷ್ಟೇ. ಮಾತುಕತೆಯನ್ನು ವಾರಕ್ಕೆ ಮೂರು ಮಕ್ಕಳಂತೆ ಹಂಚಿಕೊಳ್ಳಿ, ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಬಿಸಿಯೂಟದ ನಂತರದ ಹೊತ್ತು ಒಳ್ಳೆಯದು. ಅಂಕಗಳನ್ನು ತರಗತಿಯಲ್ಲಿ ಓದಬೇಡಿ, ಗೋಡೆಗೆ ಅಂಟಿಸಬೇಡಿ. ಹಾಳೆ ಮಗುವಿನದು. ಅಸಲು ಅವರ ಕೈಗೆ ಕೊಟ್ಟು, ಜೆರಾಕ್ಸ್ ನೀವಿಟ್ಟುಕೊಳ್ಳಿ. ಮೇ ತಿಂಗಳಲ್ಲಿ ಪಿಯುಸಿ ಅರ್ಜಿ ತುಂಬಲು ಬಂದಾಗ ಅಸಲು ಕಳೆದುಕೊಂಡೇ ಬರುತ್ತಾರೆ, ಆಗ ಆ ಜೆರಾಕ್ಸ್ ಬೇಕಾಗುತ್ತದೆ.